ಖಾಲಿ ಕುರ್ಚಿಯ ಮೇಲಿನ ನೀರು

ರುಫೀನಾಳ ಅಂಗಳದ ಹೋಟೆಲಿನಲ್ಲಿ ಊಟ ಚೆನ್ನಾಗಿರುವುದಿಲ್ಲ ಎಂದು ಒನೇಲಿಯೊ ಒಂದಲ್ಲ ಹತ್ತು ಸಲ ಹೇಳಿದ್ದ. ಆ ಮನುಷ್ಯ ಒಂದು ವರ್ಷದಿಂದ ಆಡಿದ ಮಾತುಗಳಲ್ಲಿ ನಿಜವಾಗಿದ್ದದ್ದು ಅದೊಂದೇ ಎಂದು ಎದೆಲ್ಮಿರಾಳಿಗೆ ಗೊತ್ತಾದದ್ದು ಊಟಕ್ಕೆ ಹೋದ ಮೇಲೆ.

ಸಾಂತಿಯಾಗೊದ ತಿವೊಲಿ ಗುಡ್ಡದಲ್ಲಿ ಇವರಿಬ್ಬರನ್ನು ಅರಿಯದವರಿಲ್ಲ. ಒನೇಲಿಯೊನದು ಗಿಟಾರು ಮತ್ತು ಮೊದಲ ಧ್ವನಿ. ಎದೆಲ್ಮಿರಾಳದು ಕ್ಲಾವೆ ಅನ್ನುವ, ತಾಳಕ್ಕೆ ತಟ್ಟುವ ಆ ಎರಡು ಕಟ್ಟಿಗೆ ಕೋಲು ಮತ್ತು ಎರಡನೆಯ ಧ್ವನಿ. ಗಂಡ ಹೆಂಡತಿಯಲ್ಲ. ಜನ ಏನೇನೋ ಆಡಿಕೊಂಡರು, ಆಡಿಕೊಳ್ಳಲಿ. ಅವಳ ಗಂಡ ಬದುಕಿದ್ದಾಗ ಇವರಿಬ್ಬರೂ ಅಡುಗೆಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದರೆ ತಾನೇ ಕಾಫಿ ಕಾಸಿ ಕೊಡುತ್ತಿದ್ದ, ಪುಣ್ಯಾತ್ಮ.

ಎರಡನೆಯ ಧ್ವನಿ ಅಂದರೆ ಏನೆಂದು ಹಾಡದವರಿಗೆ ತಿಳಿಯುವುದಿಲ್ಲ. ಮೊದಲಿನವನು ಮರ ಹತ್ತುತ್ತಾನೆ, ಜನ ಅವನನ್ನೇ ನೋಡುತ್ತಾರೆ. ಎರಡನೆಯವಳು ಕೆಳಗೆ ಏಣಿ ಹಿಡಿದು ನಿಂತಿರುತ್ತಾಳೆ. ಅವನು ಎಲ್ಲಿ ಬೇಕಾದರೂ ಉಸಿರು ಎಳೆದುಕೊಳ್ಳಬಹುದು, ಸಾಲು ಮರೆಯಬಹುದು, ಮನಸ್ಸು ಬಂದರೆ ಒಂದು ಸ್ವರವನ್ನು ಎಳೆದೂ ಎಳೆದೂ ಕೇಳುವವರ ಪ್ರಾಣ ತೆಗೆಯಬಹುದು. ಅವಳು ಅವನ ಜೊತೆಗಿರಬೇಕು, ಅಷ್ಟೆ. ಎರಡನೆಯವಳು ಮೊದಲಿನವನನ್ನು ನಡುಹಾಡಿನಲ್ಲಿ ಕೈಬಿಡಬಾರದು. ಅದಕ್ಕಿಂತ ದೊಡ್ಡ ನಿಯಮ ಆ ಕಸುಬಿನಲ್ಲಿಲ್ಲ. ಒನೇಲಿಯೊನಂತೂ ಒಂದೇ ಹಾಡಿನಲ್ಲಿ ಎರಡು ಸಲ ಒಂದೇ ಜಾಗದಲ್ಲಿ ಉಸಿರು ತೆಗೆದವನಲ್ಲ. ಎದೆಲ್ಮಿರಾ ಅವನ ಬಲ ಭುಜವನ್ನೇ ನೋಡುತ್ತ ಹಾಡುತ್ತಿದ್ದಳು. ಭುಜ ಏರಿತೆಂದರೆ ಉಸಿರು ಬಂತು, ಹಿಡಿದುಕೋ ಎಂದರ್ಥ.

ಹೋದ ವರ್ಷ ಅವಳ ಗಂಟಲಲ್ಲಿ ಗಂಟು ಕಾಣಿಸಿತು. ಕೊಯ್ಯಲೇಬೇಕು, ಧ್ವನಿಯ ಮಾತು ಆಮೇಲೆ ನೋಡೋಣ ಎಂದರು ಡಾಕ್ಟರು. ಆಸ್ಪತ್ರೆಗೆ ಸೇರುವ ಹಿಂದಿನ ದಿನ ಒನೇಲಿಯೊ ಯಾರದೋ ಫೋನು ಇಸಿದುಕೊಂಡು ಅವಳ ಅಡುಗೆಮನೆಗೆ ಬಂದ.

"ಒಂದು ನಾಲ್ಕು ಹಾಡು ಹಾಡಿಬಿಡು. ಇದರಲ್ಲಿ ಹಿಡಿದಿಡ್ತೀನಿ, ನೆನಪಿಗಿರಲಿ."

"ಸಾಯೋಕೆ ಹೋಗ್ತಿಲ್ಲ ಕಣೋ ನಾನು."

"ಯಾರಂದ್ರು ಹಾಗೆ? ನಿನ್ನ ಭಾಗ ಮಾತ್ರ ಹಾಡು. ನಾನು ಬಾಯಿ ಆಡಿಸ್ತೀನಿ, ದನಿ ತೆಗೆಯಲ್ಲ."

ಅವನು ಗಿಟಾರು ಸಹ ನುಡಿಸದೆ, ಎದುರಿಗೆ ಕೂತು ಮೀನಿನ ಹಾಗೆ ಬರೀ ಬಾಯಿ ಬಿಟ್ಟು ಮುಚ್ಚುತ್ತಿದ್ದ. ಎದೆಲ್ಮಿರಾಳಿಗೆ ನಗು ತಡೆಯದೆ ಎರಡು ಮೂರು ಸಲ ಮತ್ತೆ ಶುರು ಮಾಡಬೇಕಾಯಿತು. ಹೊರಡುವಾಗ ಅವಳ ಕಪ್ಪು ಶಾಲನ್ನೂ ಕ್ಲಾವೆ ಕೋಲುಗಳನ್ನೂ ಜೋಪಾನ ಮಾಡುತ್ತೇನೆಂದು ತೆಗೆದುಕೊಂಡ, ಅವಳ ಎರಡೂ ಕೈ ಹಿಡಿದುಕೊಂಡು ಹೇಳಿದ: "ನಿನ್ನ ಕುರ್ಚಿ ನನ್ನ ಪಕ್ಕದಲ್ಲಿ ಖಾಲಿನೇ ಇರತ್ತೆ. ಅದರ ಮೇಲೆ ಇನ್ನೊಬ್ಬಳನ್ನ ಕೂರಿಸಿದ್ರೆ ನನ್ನ ಕೈ ಸೇದಿಹೋಗ್ಲಿ."

ಆ ಮಾತು ಹಿಡಿದುಕೊಂಡೇ ಅವಳು ವರ್ಷ ಕಳೆದಳು. ಗಂಟು ಹೋಯಿತು, ಅದರ ಜೊತೆ ಧ್ವನಿಯೂ ಹೋಯಿತು. ತಿಂಗಳುಗಟ್ಟಲೆ ಬಾಯಿ ತೆರೆದರೆ ತುಕ್ಕು ಹಿಡಿದ ಬಾಗಿಲು ತೆರೆದ ಸದ್ದು. ತಾರಸಿಯ ಮೇಲೆ ಬಟ್ಟೆ ಒಣಹಾಕುವ ನೆಪದಲ್ಲಿ ಹೋಗಿ ಗುಂಯ್‌ಗುಟ್ಟಿದಳು, ಜೇನು ನೆಕ್ಕಿದಳು, ಅತ್ತಳು, ಮತ್ತೆ ಗುಂಯ್‌ಗುಟ್ಟಿದಳು. ಕೊನೆಗೆ ಧ್ವನಿ ಬಂತು. ಹಳೆಯದಲ್ಲ. ಮೊದಲಿಗಿಂತ ತಗ್ಗು, ಅಂಚಿನಲ್ಲಿ ಸ್ವಲ್ಪ ಒರಟು. ಆದರೆ ಶ್ರುತಿ ಬಿಡುತ್ತಿರಲಿಲ್ಲ. ಎರಡನೆಯ ಧ್ವನಿಗೆ ಇನ್ನೇನು ಬೇಕು?

ಒನೇಲಿಯೊ ಶನಿವಾರಕ್ಕೊಮ್ಮೆ ಕಾಫಿಪುಡಿ ಹಿಡಿದು ಬರುತ್ತಿದ್ದ. ಗುಡ್ಡದವರು ಕಾಲಿಡದ, ಪರದೇಶದವರೇ ಬರುವ ರುಫೀನಾಳ ಹೋಟೆಲಿನಲ್ಲಿ ತನಗೊಂದು ಮೂಲೆ ಸಿಕ್ಕಿದೆ, ಒಬ್ಬನೇ ಕೂತು ಗಿಟಾರು ಕೆರೆಯುತ್ತೇನೆ, ಕೇಳುವವರಿಲ್ಲ ಎನ್ನುತ್ತಿದ್ದ. ನಾನೂ ಒಮ್ಮೆ ಬರುತ್ತೇನೆ ಎಂದರೆ, "ಅಯ್ಯೋ, ಅಲ್ಲೇನಿದೆ ಅಂತ? ಮರಗೆಣಸು ನಾರು, ಮಾಂಸ ಚಪ್ಪಲಿ. ಅವಸರ ಬೇಡ, ಗಂಟಲು ವಾಸಿ ಆಗ್ಲಿ" ಎಂದು ಮಾತು ತೇಲಿಸುತ್ತಿದ್ದ. ಕಾಳಜಿ ಎಂದುಕೊಂಡಳು ಎದೆಲ್ಮಿರಾ. ಧ್ವನಿ ಮರಳಿದ ಸುದ್ದಿಯನ್ನು ಅವಳೂ ಅವನಿಗೆ ಹೇಳಲಿಲ್ಲ. ಅವನೆದುರೇ ಹಾಡಿ ಬೆರಗುಗೊಳಿಸಬೇಕೆಂಬ ಆಸೆ. ಆಸೆ ಪಡುವುದರಲ್ಲಿ ಆ ಹೆಂಗಸು ಚಿಕ್ಕ ಹುಡುಗಿಗಿಂತ ಕಡೆ.

ಅವಳ ಹುಟ್ಟುಹಬ್ಬ ಬಂತು. ಅಣ್ಣನ ಮಗಳು ಮಾಯೆಲಿನ್ ಅದೇ ಹೋಟೆಲಿನಲ್ಲಿ ಮೇಜು ಹೇಳಿಟ್ಟು ಬಂದಳು. ಹಾಡುವವರಲ್ಲಿ ಒಂದು ಮರ್ಯಾದೆ ಉಂಟು: ಪರಿಚಯದ ಹಾಡುಗಾರರು ಒಳಗೆ ಬಂದರೆ, ಹಾಡುತ್ತಿರುವವನು ಹಾಡಿನ ನಡುವೆಯೇ ಅವರ ಹೆಸರು ಹಿಡಿದು ಕರೆಯುತ್ತಾನೆ. ಕರೆದರೆ ಎದ್ದು ಹೋಗಿ ಒಂದು ಹಾಡು ಕೂಡಿ ಹಾಡಬೇಕು. ಇವತ್ತು ಒನೇಲಿಯೊ ಕರೆಯುತ್ತಾನೆ, ತಾನು ತನ್ನ ಕುರ್ಚಿಗೆ ಹೋಗಿ ಕೂರುತ್ತೇನೆ. ಎದೆಲ್ಮಿರಾ ಹಾಡುವಾಗ ತೊಡುತ್ತಿದ್ದ ಹಸಿರು ಉಡುಪನ್ನು ಇಸ್ತ್ರಿ ಮಾಡಿದ್ದು, ಕತ್ತಿನ ಗಾಯದ ಗೀರಿಗೆ ಬಿಳಿ ಪಟ್ಟಿ ಸುತ್ತಿಕೊಂಡದ್ದು ಅದಕ್ಕೇ.

ಅಂಗಳಕ್ಕೆ ಕಾಲಿಟ್ಟ ಕೂಡಲೇ ಅವಳ ಕಣ್ಣು ಹಾಡುವ ಮೂಲೆಗೆ ಹೋಯಿತು. ಒನೇಲಿಯೊ ಇನ್ನೂ ಬಂದಿರಲಿಲ್ಲ. ಎರಡು ಕುರ್ಚಿಗಳಿದ್ದವು. ಒಂದಕ್ಕೆ ಗಿಟಾರು ಒರಗಿತ್ತು. ಇನ್ನೊಂದು ಖಾಲಿ, ಅದರ ಬೆನ್ನಿಗೆ ಅವಳದೇ ಕಪ್ಪು ಶಾಲು, ಕೂರುವ ಜಾಗದಲ್ಲಿ ಅವಳದೇ ಕ್ಲಾವೆ ಕೋಲುಗಳು, ಪಕ್ಕದಲ್ಲಿ ಒಂದು ಲೋಟ ನೀರು.

"ನೋಡೇ, ನೋಡೇ" ಎಂದು ಎದೆಲ್ಮಿರಾ ಮಾಯೆಲಿನ್‌ಳ ತೋಳು ಚಿವುಟಿದಳು. "ಖಾಲಿ ಇಟ್ಟಿದಾನೆ. ಐಸಿಲ್ಲದ ನೀರು ಕೂಡ ಇಟ್ಟಿದಾನೆ, ನನಗೆ ಐಸು ಆಗಲ್ಲ ಅಂತ ನೆನಪಿದೆ ಅವನಿಗೆ."

"ನೀನು ಬರ್ತೀಯ ಅಂತ ಅವರಿಗೆ ಗೊತ್ತೇ ಇಲ್ವಲ್ಲ ಅತ್ತೆ."

"ದಿನಾ ಇಡ್ತಾನೆ ಅಂತ ಕಾಣತ್ತೆ." ಅವಳ ಕಣ್ಣು ತುಂಬಿ ಬಂತು. ಈ ಮನುಷ್ಯನನ್ನು ಒಂದೊಂದು ಸಲ ಮನಸ್ಸಿನಲ್ಲಿ ಬೈದುಕೊಂಡಿದ್ದೆನಲ್ಲ ಎಂದು ತನ್ನ ಮೇಲೆ ತನಗೇ ಬೇಸರವಾಯಿತು.

ಅವರಿಗೆ ಸಿಕ್ಕಿದ್ದು ಕಂಬದ ಮರೆಯ ಮೇಜು. ಮುಂದಿನ ಮೇಜುಗಳೆಲ್ಲ ಪರದೇಶದವರಿಗೆ. ಪಕ್ಕದಲ್ಲಿ ಸ್ಪೇನಿನಿಂದ ಬಂದ ಒಂದು ಗುಂಪು ಗಲಗಲ ಎನ್ನುತ್ತಿತ್ತು. ಬಡಿಸುವ ಯೋಸ್ವೆಲ್, ಹೊಟ್ಟೆ ಬಂದ ನಡುವಯಸ್ಸಿನವನು, ಊಟದ ಪಟ್ಟಿ ಕೊಟ್ಟು ಕೈಕಟ್ಟಿ ನಿಂತ.

"ಸೀಗಡಿ?" ಎಂದಳು ಮಾಯೆಲಿನ್.

"ಇಲ್ಲ."

"ಕುರಿಮಾಂಸದ ಸಾರು?"

"ಇವತ್ತಿಲ್ಲ."

"ಮತ್ತೆ ಇಷ್ಟುದ್ದ ಪಟ್ಟಿ ಯಾಕೆ ಕೊಟ್ರಿ?"

"ಓದೋಕೆ ಚೆನ್ನಾಗಿರತ್ತೆ ಅಂತ" ಎಂದ ಯೋಸ್ವೆಲ್, ಒಂದಿಷ್ಟೂ ನಾಚದೆ. "ಹಂದಿಮಾಂಸ ಇದೆ, ಬೀನ್ಸ್ ಅನ್ನ ಇದೆ, ಮರಗೆಣಸಿದೆ. ಎಲ್ಲರೂ ಅದೇ ತಿಂತಿದಾರೆ, ಯಾರೂ ಸತ್ತಿಲ್ಲ."

ಬಂದ ಊಟದ ಬಗ್ಗೆ ಏನು ಹೇಳುವುದು. ಅನ್ನ ಯಾವಾಗಲೋ ಮಾಡಿ ಮರೆತದ್ದು. ಮಾಂಸ ಹಲ್ಲಿಗೂ ಚಾಕುವಿಗೂ ಜಗ್ಗದಂಥದ್ದು. ಮರಗೆಣಸಿನ ಮೇಲೆ ಹುಳಿ ಕಿತ್ತಳೆ ಹಿಂಡುವ ಬದಲು ಯಾವಳೋ ಮಹಾತಾಯಿ ವಿನಿಗರ್ ಸುರಿದಿದ್ದಳು. ಮಾಯೆಲಿನ್‌ಳ ಮುಖ ಸಣ್ಣದಾಯಿತು. ಪಾಪ, ತಿಂಗಳುಗಟ್ಟಲೆ ಯೋಚಿಸಿ ಏರ್ಪಾಡು ಮಾಡಿದ ಔತಣ. ಎದೆಲ್ಮಿರಾ ಮಾತ್ರ ನಾರು ತೆಗೆದಿಡುತ್ತ ನಗುತ್ತಲೇ ಇದ್ದಳು. "ಒನೇಲಿಯೊ ಹೇಳಿದ್ದ ಕಣೇ. ಸುಳ್ಳು ಹೇಳೋ ಜಾತಿಯವನಲ್ಲ ಅವನು." ಹೊಟ್ಟೆ ತುಂಬಿದರೆ ಹಾಡುವಾಗ ಉಸಿರು ನಿಲ್ಲುವುದಿಲ್ಲವೆಂದು ಅವಳು ನಾಲ್ಕು ತುತ್ತಿಗೇ ತಟ್ಟೆ ಸರಿಸಿದಳು.

ಒನೇಲಿಯೊ ಬಂದ. ಬಿಳಿ ಅಂಗಿ, ಹುಲ್ಲಿನ ಹ್ಯಾಟು. ಅವನ ಕಣ್ಣಿಗೆ ಪೊರೆ ಬಂದು ಮೂರನೆಯ ಮೇಜಿನಾಚೆ ಎಲ್ಲ ಮಸುಕು. ಎದೆಲ್ಮಿರಾ ಕಂಬದ ಮರೆಯಿಂದ ಕತ್ತು ಉದ್ದ ಮಾಡಿದಳು, ಅವನು ನೋಡಲಿಲ್ಲ. ಅಷ್ಟರಲ್ಲಿ ಯೋಸ್ವೆಲ್ ಹೋಗಿ ಖಾಲಿ ಕುರ್ಚಿಯ ಕಾಲಬುಡದಲ್ಲಿ ಒಂದು ಮೇಣದಬತ್ತಿ ಹಚ್ಚಿದ. ಜೇಬಿನಿಂದ ಒಂದು ಬಿಳಿ ಹೂ ತೆಗೆದು ಆ ನೀರಿನ ಲೋಟದೊಳಗೆ ಬಿಟ್ಟ.

ಎದೆಲ್ಮಿರಾ ಆ ಲೋಟವನ್ನೇ ನೋಡಿದಳು. ಅವಳ ಮನೆಯಲ್ಲೂ ಅಂಥ ಎರಡು ಲೋಟಗಳಿವೆ, ಬಿಳಿ ಬಟ್ಟೆ ಹಾಸಿದ ಹಲಗೆಯ ಮೇಲೆ. ಒಂದು ಅಮ್ಮನಿಗೆ, ಒಂದು ಗಂಡನಿಗೆ. ನೀರು, ಬಿಳಿ ಹೂ, ದೀಪ. ಸತ್ತವರಿಗೆ ಇಡುವುದು ಹಾಗೆ. ಬದುಕಿದ್ದವರಿಗೆ ಯಾರೂ ಇಡುವುದಿಲ್ಲ.

ಒನೇಲಿಯೊ ಹ್ಯಾಟು ತೆಗೆದು ಎದೆಗೊತ್ತಿಕೊಂಡ.

"ಗೆಳೆಯರೇ, ಈ ಕುರ್ಚಿ ನನ್ನ ಎದೆಲ್ಮಿರಾಳದ್ದು. ಜೀವಮಾನ ಪೂರ್ತಿ ಪಕ್ಕದಲ್ಲಿ ಕೂತು ಹಾಡಿದವಳು. ಹೋದ ವರ್ಷ ದೇವರು ಕರಕೊಂಡುಬಿಟ್ಟ. ಸಾಯೋ ಹಿಂದಿನ ದಿನ ನನ್ನ ಕೈ ಹಿಡಕೊಂಡು, 'ಒನೇಲಿಯೊ, ನಿನ್ನ ಒಬ್ಬನೇ ಬಿಡಲ್ಲ' ಅಂದಳು. ಬಿಟ್ಟಿಲ್ಲ. ಕೇಳಿ."

ಅವನು ಕಾಲ ಬಳಿಯಿದ್ದ ಸ್ಪೀಕರು ಪೆಟ್ಟಿಗೆಯ ಗುಂಡಿ ಒತ್ತಿದ. ಅದರೊಳಗಿಂದ ಎದೆಲ್ಮಿರಾ ಹಾಡತೊಡಗಿದಳು.

ಅವಳದೇ ಧ್ವನಿ. ಕೊಯ್ಯುವುದಕ್ಕೆ ಮುಂಚಿನದು. ಜೇನಿನಷ್ಟು ಗಟ್ಟಿ, ಒಂದು ಗೀರಿಲ್ಲದ ಧ್ವನಿ. ಅದರ ಹಿಂದೆ ಸಣ್ಣಗೆ ಅವಳ ಅಡುಗೆಮನೆಯ ಕುಕ್ಕರು ಸುಯ್ಯೆನ್ನುವುದೂ, ಬೀದಿಯಲ್ಲಿ ಬ್ರೆಡ್ಡಿನವನು ಸೀಟಿ ಹೊಡೆಯುವುದೂ ಕೇಳುತ್ತಿತ್ತು. ಸ್ಪೇನಿನ ಹೆಂಗಸೊಬ್ಬಳು ಕರವಸ್ತ್ರ ತೆಗೆದಳು.

"ಅತ್ತೆ, ಏನಿದು?" ಮಾಯೆಲಿನ್ ಕುರ್ಚಿ ಸರಿಸಿ ಎದ್ದಳು. "ಹೋಗಿ ಆ ಮುದುಕನ ಮುಖಕ್ಕೆ ಉಗಿದು ಬರ್ತೀನಿ."

"ಕೂತ್ಕೊ."

"ನೀನು ಸತ್ತಿದೀಯ ಅಂತ ಹೇಳ್ತಿದಾನಲ್ಲ."

"ಕೇಳಿಸ್ತು ನನಗೆ. ಕೂತ್ಕೊ."

ನಂಬಿಸಿ ಕತ್ತು ಕುಯ್ಯುವುದು ಎಂದರೆ ಇದು. ಡಾಕ್ಟರಾದರೂ ಮೊದಲೇ ಹೇಳಿ ಕೊಯ್ದಿದ್ದರು. ಮೀನಿನ ಹಾಗೆ ಬಾಯಿ ಆಡಿಸಿದ್ದು ಇದಕ್ಕೆ, ಅವಸರ ಬೇಡ ಎಂದದ್ದು ಇದಕ್ಕೆ, ಶನಿವಾರದ ಕಾಫಿಪುಡಿಯೂ ಇದಕ್ಕೆ. ಅವಳು ತಾರಸಿಯ ಮೇಲೆ ಒಂದೊಂದೇ ಸ್ವರವನ್ನು ಅತ್ತು ಕರೆದು ವಾಪಸು ತರುತ್ತಿದ್ದಾಗ, ಇವನು ಇಲ್ಲಿ ಸಂಜೆ ಸಂಜೆ ಅವಳನ್ನು ಮಣ್ಣು ಮಾಡುತ್ತಿದ್ದ. ಮಾತು ಉಳಿಸಿಕೊಂಡಿದ್ದ ಬೇರೆ, ಕುರ್ಚಿ ಖಾಲಿ ಇತ್ತಲ್ಲ! ಇಷ್ಟಾದರೂ ಎದೆಲ್ಮಿರಾಳ ಕಿವಿ ತನ್ನ ಕೆಲಸ ಬಿಡಲಿಲ್ಲ. ಅವಳು ಒಂದು ವಿಚಿತ್ರ ಗಮನಿಸಿದಳು. ಒನೇಲಿಯೊನ ಭುಜ ಅವನ ಇಷ್ಟದಂತೆ ಏರುತ್ತಿರಲಿಲ್ಲ. ಪೆಟ್ಟಿಗೆ ಉಸಿರು ತೆಗೆದಲ್ಲಿ ಅವನೂ ತೆಗೆಯುತ್ತಿದ್ದ, ಪೆಟ್ಟಿಗೆ ನಿಂತಲ್ಲಿ ನಿಲ್ಲುತ್ತಿದ್ದ. ಬದುಕಿದ್ದವಳಿಗೆ ಒಂದು ದಿನವೂ ಕಾಯದವನು ಸತ್ತವಳ ಹಿಂದೆ ಕುರಿಯ ಹಾಗೆ ನಡೆಯುತ್ತಿದ್ದ.

ಎರಡನೆಯ ಹಾಡು ಅವನು ಪ್ರಾಯದಲ್ಲಿ ಕಟ್ಟಿದ ಬೊಲೆರೊ ಎಂಬ ನಿಧಾನದ ಪ್ರೇಮಗೀತೆ. ಕಿಟಕಿ ಮುಚ್ಚಬೇಡ, ಗಾಳಿಗೆ ನಿನ್ನ ಮನೆ ಗೊತ್ತು ಎಂದು ಶುರುವಾಗುವುದು. ಅದರ ನಡುಮಧ್ಯದಲ್ಲಿ, ಧ್ವನಿಗಳೆರಡೂ ಒಟ್ಟಿಗೆ ಮೇಲಕ್ಕೆ ಹೋಗುವ ಕಡೆ, ಕರೆಂಟು ಹೋಯಿತು.

ಬೀದಿಯುದ್ದಕ್ಕೂ ಕತ್ತಲು. ಊರಿನವರಿಗೆ ಇದು ಮಾಮೂಲಿ. ಪೆಟ್ಟಿಗೆಯ ಧ್ವನಿ ಮಾತ್ರ ಪದದ ನಡುವೆಯೇ ಕಡಿದುಹೋಯಿತು. ಒನೇಲಿಯೊ ಒಂಟಿಯಾಗಿ ಮೇಲೆ ಉಳಿದ. ಸಾಲು ಹಿಡಿದಿದ್ದ, ಆದರೆ ಎಲ್ಲಿ ಉಸಿರು ತೆಗೆಯಬೇಕೆಂದು ಅವನಿಗೆ ಮರೆತೇಹೋಗಿತ್ತು. ಗಿಟಾರು ಒಂದು ತಂತಿ ತಪ್ಪಿತು. ಧ್ವನಿ ನಡುಗಿತು. ಇನ್ನೊಂದು ಗಳಿಗೆಗೆ ಅವನು ಎಲ್ಲರೆದುರು ಬೀಳುತ್ತಾನೆ ಎಂದು ಎದೆಲ್ಮಿರಾಳಿಗೆ ಗೊತ್ತಾಯಿತು. ಬೀಳಲಿ ಎಂದೇ ಅವಳು ಬಯಸಿದಳು. ಮನಸಾರೆ ಬಯಸಿದಳು.

ಆದರೆ ಅವಳ ಬಾಯಿ ಅವಳನ್ನು ಕೇಳಲಿಲ್ಲ. ಕಂಬದ ಹಿಂದಿನ ಕತ್ತಲಲ್ಲಿ ಅದು ತಾನಾಗಿ ತೆರೆದು ಎರಡನೆಯ ಧ್ವನಿಯನ್ನು ಅವನ ಕಾಲಡಿಗೆ ಒಡ್ಡಿತು. ಜೀವಮಾನದ ಅಭ್ಯಾಸ, ಹಾಳಾದ್ದು. ತಗ್ಗಿನ, ಒರಟಿನ ಹೊಸ ಧ್ವನಿ. ಒನೇಲಿಯೊ ಅದನ್ನು ಹಿಡಿದುಕೊಂಡ. ಹಿಡಿದ ಮೇಲೆ ಅವನ ಹಳೆಯ ಚಾಳಿ ಮರಳಿತು. ಎಳೆದ, ತಡೆದ, ಬೇಕೆಂದಲ್ಲಿ ನಿಂತ. ಅವಳು ಭುಜ ಕಾಣದಿದ್ದರೂ ಪ್ರತಿ ಸಲ ಅಲ್ಲೇ ಇದ್ದಳು. ವರ್ಷದಿಂದ ಕನಸಿನಲ್ಲಿ ಹಾಡಿದ ಹಾಡು ಅದು. ಹಾಡುತ್ತಿದ್ದಷ್ಟು ಹೊತ್ತೂ ಅವಳಿಗೆ ಸುಖವಾಯಿತು, ಸುಖವಾಗುತ್ತಿದೆಯಲ್ಲ ಎಂದು ಅವಮಾನವೂ ಆಯಿತು.

ಹಾಡು ಮುಗಿಯುವ ಹೊತ್ತಿಗೆ ಅವಳು ಮೇಜುಗಳ ನಡುವೆ ನಡೆದು ಮೇಣದಬತ್ತಿಯ ಬೆಳಕಿಗೆ ಬಂದಿದ್ದಳು. ಒನೇಲಿಯೊ ಕಣ್ಣು ಕಿರಿದು ಮಾಡಿ ನೋಡಿದ. ಹಸಿರು ಉಡುಪಿನ ಗುರುತು ಸಿಕ್ಕಿತು. ಮುಖ ಸುಣ್ಣದ ಹಾಗಾಯಿತು.

ಎದೆಲ್ಮಿರಾಳ ಗಂಟಲು ಒಣಗಿತ್ತು. ಅವಳು ಲೋಟದಿಂದ ಹೂವನ್ನು ಎತ್ತಿ ಕುರ್ಚಿಯ ಮೇಲಿಟ್ಟು, ನೀರನ್ನು ಗಟಗಟ ಕುಡಿದಳು.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ರುಫೀನಾ ಬಾಯಿಗೆ ಕೈ ಇಟ್ಟುಕೊಂಡಳು. ಯೋಸ್ವೆಲ್ ಎದೆಯ ಮೇಲೆ ಶಿಲುಬೆ ಎಳೆದುಕೊಂಡ. "ಅಮ್ಮಾ, ಅದು ಸತ್ತವರ ನೀರು" ಎಂದ ಮೆಲ್ಲಗೆ.

"ಗೊತ್ತು. ನನ್ನದೇ" ಎಂದಳು ಎದೆಲ್ಮಿರಾ.

ಈಗ ಹೇಳಬೇಕಿತ್ತು ಒನೇಲಿಯೊ. ಹೆಸರು ಹಿಡಿದು ಕರೆಯಬೇಕಿತ್ತು. ಒಂದೇ ಒಂದು ಮಾತು, ಇವಳೇ ಎದೆಲ್ಮಿರಾ ಎಂದು. ಅಂದಿದ್ದರೆ, ಆ ಪೆದ್ದಿ ಅಲ್ಲೇ ಎಲ್ಲ ಮರೆತು ಕುರ್ಚಿಯ ಮೇಲೆ ಕೂತುಬಿಡುತ್ತಿದ್ದಳು. ಅವಳು ಲೋಟ ಹಿಡಿದುಕೊಂಡು ಅವನ ಬಾಯನ್ನೇ ನೋಡುತ್ತ ನಿಂತಳು.

ಒನೇಲಿಯೊ ಗಂಟಲು ಸರಿಮಾಡಿಕೊಂಡ. ಮೇಜುಗಳ ಕಡೆ ತಿರುಗಿದ.

"ಗೆಳೆಯರೇ, ದೇವರು ದೊಡ್ಡವನು. ಇವತ್ತು ನಮ್ಮ ಜೊತೆ ಎದೆಲ್ಮಿರಾಳ ತಂಗಿ ಬಂದಿದಾರೆ."

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಒನೇಲಿಯೊ ಅವಳ ಕಡೆ ನೋಡಲಿಲ್ಲ. ಎದೆಲ್ಮಿರಾ ಕುರ್ಚಿಯ ಮೇಲಿಂದ ತನ್ನ ಕ್ಲಾವೆ ಕೋಲುಗಳನ್ನು ತೆಗೆದುಕೊಂಡಳು, ಶಾಲು ತೆಗೆದುಕೊಂಡಳು. ದಾರಿಯಲ್ಲಿ ಕರವಸ್ತ್ರದ ಸ್ಪೇನಿನ ಹೆಂಗಸು ಅವಳ ಕೈ ಹಿಡಿದುಕೊಂಡಳು. ಒಳ್ಳೆಯ ಹೆಂಗಸೇ, ಕಣ್ಣಲ್ಲಿ ನೀರಿತ್ತು.

"ನೀವೂ ತುಂಬ ಚೆನ್ನಾಗಿ ಹಾಡ್ತೀರಿ ಕಣಮ್ಮ" ಎಂದಳು. "ಆದ್ರೆ ತಪ್ಪು ತಿಳ್ಕೋಬೇಡಿ, ನಿಮ್ಮ ಅಕ್ಕನ ಗಂಟಲೇ ಬೇರೆ."

"ಹೌದು" ಎಂದಳು ಎದೆಲ್ಮಿರಾ. "ಅವಳ ಮುಂದೆ ನಾನೇನಲ್ಲ."

ಬಾಗಿಲ ಹೊರಗೆ ಒನೇಲಿಯೊ ತಡವರಿಸಿಕೊಂಡು ಹಿಂದೆಯೇ ಬಂದ. ಮಾಯೆಲಿನ್ ಅವನಿಗೆ ಅಡ್ಡ ನಿಂತಳು. ಎದೆಲ್ಮಿರಾ ಅವಳನ್ನು ಪಕ್ಕಕ್ಕೆ ಸರಿಸಿದಳು.

"ನೀನು ಮತ್ತೆ ಹಾಡ್ತೀಯ ಅಂತ ನಾನೇನು ಕನಸು ಕಂಡಿದ್ನಾ?" ಎಂದ ಒನೇಲಿಯೊ. "ಮುದುಕ ಒಬ್ಬನೇ ಕೂತು ಹಾಡಿದ್ರೆ ಯಾರು ಕೇಳ್ತಾರೆ ಹೇಳು. ಮೊದಲು ಬಾಯ್ತಪ್ಪಿ ಅಂದೆ. ಜನ ಅತ್ತರು. ರುಫೀನಾ ದಿನಾ ಹಾಗೇ ಹೇಳು ಅಂದಳು."

"ಶನಿವಾರ ಶನಿವಾರ ಬರ್ತಿದ್ದೆಯಲ್ಲ. ಒಂದು ದಿನ ನನಗೂ ಹೇಳಬಹುದಿತ್ತು, ನೀನು ಸತ್ತಿದೀಯ ಅಂತ."

ಒನೇಲಿಯೊ ಏನೋ ಹೊಳೆದವನಂತೆ ಅವಳ ತೋಳು ಹಿಡಿದ. "ನಾಳೆಯಿಂದ ಬಾ. ನಿಜವಾಗ್ಲೂ ಹೇಳ್ತಿದೀನಿ, ಬಾ. ಪಕ್ಕದಲ್ಲೇ ಕೂತ್ಕೊ. ತಂಗಿ ಅಂತಲೇ ಇರ್ಲಿ, ಏನೀಗ? ಮೊದಲು ಅಕ್ಕನ ಹಾಡು ಕೇಳಿಸಿ, ಆಮೇಲೆ ನಿನ್ನದು ಹಾಡೋಣ. ಜನ ಮುಗಿಬೀಳ್ತಾರೆ."

ವರ್ಷಪೂರ್ತಿ ಅವಳು ಕಾದದ್ದು ಆ 'ಬಾ' ಎಂಬ ಒಂದು ಕರೆಗಾಗಿ. ಅದು ಬಂತು. ಬೇರೆ ಯಾರಿಗೋ ಬಂತು.

"ನನಗೆ ಅಕ್ಕ ತಂಗಿ ಯಾರೂ ಇಲ್ಲ, ಒನೇಲಿಯೊ" ಎಂದಳು. "ಇದ್ದವನು ಒಬ್ಬ ಅಣ್ಣ. ನಿನಗೆ ಗೊತ್ತು."

ಅವನ ಕೈ ಬಿಡಿಸಿಕೊಂಡು ಅವಳು ಇಳಿಜಾರು ಬೀದಿಗೆ ಇಳಿದಳು. ಕತ್ತಲಲ್ಲಿ ಮಾಯೆಲಿನ್ ಅವಳ ಚೀಲ ತಡವಿ ಕೇಳಿದಳು: "ಏನತ್ತೆ ಇದು, ಲೋಟನೂ ತಂದ್ಬಿಟ್ಟಿದೀಯ?"

"ಇರ್ಲಿ. ಆ ಮರಗೆಣಸಿಗೆ ಇದು ಸಮ ಆಯ್ತು."

ಅರ್ಧ ಬೀದಿ ಇಳಿದಿರಲಿಲ್ಲ, ಕರೆಂಟು ಬಂತು. ಮೇಲಿನಿಂದ ಅವಳ ಹಳೆಯ ಧ್ವನಿ ಕಡಿದ ಪದದಿಂದಲೇ ಮತ್ತೆ ಶುರುವಾಯಿತು, ಒನೇಲಿಯೊ ಓಡಿಹೋಗಿ ಅದನ್ನು ಹಿಡಿದುಕೊಂಡ. ಮಾಯೆಲಿನ್ ಕೆಟ್ಟದಾಗಿ ಬೈದಳು. ಎದೆಲ್ಮಿರಾ ಚೀಲ ಕಂಕುಳಿಗೇರಿಸಿ ಇಳಿಯುತ್ತಲೇ ಹೋದಳು.

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ನೆಲ್ಸಾ ಉಪ್ಪು ಕೇಳಲು ಬಂದಳು. ಬಂದವಳ ಕಣ್ಣು ಬಿಳಿ ಬಟ್ಟೆಯ ಹಲಗೆಗೆ ಹೋಯಿತು. ಅಮ್ಮನ ಲೋಟ, ಗಂಡನ ಲೋಟ, ಅವುಗಳ ಪಕ್ಕ ಹೊಸದೊಂದು ಲೋಟ, ಅದರಲ್ಲಿ ತುಂಬ ನೀರು, ಒಂದು ಬಿಳಿ ಹೂ.

"ಅಯ್ಯೋ, ಯಾರು ಹೋದ್ರು ಎದೆಲ್ಮಿರಾ?"

"ಒನೇಲಿಯೊ."

"ಏನು ಮಾತು ಅಂತ ಆಡ್ತೀಯ? ಈಗ ತಾನೇ ನೋಡಿದೆ ಅವನನ್ನ. ಬ್ರೆಡ್ ಹಿಡಕೊಂಡು ಮೆಟ್ಟಿಲು ಹತ್ತುತ್ತಿದ್ದ."

"ಹೂಂ" ಎಂದಳು ಎದೆಲ್ಮಿರಾ, ಉಪ್ಪಿನ ಡಬ್ಬಿಗಾಗಿ ಕೈ ಚಾಚುತ್ತ. "ಹೋದವರು ಒಂದಷ್ಟು ದಿನ ಹಾಗೆ ಓಡಾಡ್ತಾರೆ."